ಒಂದು ಗುಳಿಗೆ, ಹಲವು ಕೈಗಳು

ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಪ್ರಾಯಶಃ ಗಡಿನಾಡಿನ ಕನ್ನಡ ಶಾಲೆಗಳ ಅಳಿವು ಉಳಿವಿನ ವಿಚಾರ. ನಾವು ಬರೆಯಹೊರಟಿರುವುದು ಮಕ್ಕಳ ಹೊಟ್ಟೆಯೊಳಗಿನ ಹುಳುಗಳ ವಿಚಾರ. ಓದುಗರು ಮೂಗು ಮುರಿಯಬಾರದಾಗಿ ವಿನಂತಿ. ಅಕ್ಕಲಕೋಟೆ ಸೀಮೆಯ ಕನ್ನಡ ಶಾಲೆಗಳಲ್ಲಿ ಮೂವತ್ತೈದು ವರ್ಷ ಖಡು ಹಿಡಿದ ನಮ್ಮನ್ನು ಇಂದಿಗೂ ಕಾಡುವ ಧರ್ಮಸಂದೇಹವೊಂದು ಬಿಳಿಯ ಗುಳಿಗೆಯೊಂದರ ರೂಪದಲ್ಲಿ ಬಂದಿತ್ತು. ಒಳ್ಳೆಯ ಕಾರ್ಯವೊಂದು ನಡೆಯಲೆಂದು ಅದರ ಫಲವನ್ನು ಇದ್ದುದಕ್ಕಿಂತ ಹೆಚ್ಚಾಗಿ ಹೇಳಬಹುದೇ? ಹತ್ತಾರು ಕೈಗಳು ಸೇರಿ ಒಂದು ಮಗುವಿಗೆ ಉಪಕಾರ ಮಾಡಿದ ಮೇಲೆ, ಆ ಮಗುವಿನ ತಾಯಿ ಬಂದು ಪ್ರಶ್ನಿಸಿದರೆ ಉತ್ತರ ಕೊಡಬೇಕಾದವರು ಯಾರು?

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನವೆಂಬುದು ಆರಂಭವಾಗುವುದಕ್ಕೆ ಬಹಳ ಮುಂಚಿನ ಮಾತು. ನಾವು ಮುಖ್ಯಾಧ್ಯಾಪಕರಾಗಿದ್ದ ಶಾಲೆಗೆ ಆರೋಗ್ಯ ತಪಾಸಣೆಯ ತಂಡವೊಂದು ಬಂದು ಎಲ್ಲ ಮಕ್ಕಳಿಗೂ ಗುಳಿಗೆ ಹಂಚಲು ಸಿದ್ಧವಾಯಿತು. ಸೂಚನಾಪತ್ರ ಮರಾಠಿಯಲ್ಲಿತ್ತು. ಮಕ್ಕಳು ಅದನ್ನು ಅಷ್ಟಿಷ್ಟು ಓದಬಲ್ಲವರಾಗಿದ್ದರು; ತಾಯಂದಿರಿಗೆ ಕನ್ನಡವೊಂದೇ, ಅದೂ ಬಾಯಿಮಾತಿನಲ್ಲಿ ಮಾತ್ರ. ಸುದ್ದಿ ಕಿವಿಯಿಂದ ಕಿವಿಗೆ ಹರಡಿ ಇಪ್ಪತ್ತು ಇಪ್ಪತ್ತೈದು ಜನ ತಾಯಂದಿರು ಹೊಲದ ಕೆಲಸ ಬಿಟ್ಟು ಶಾಲೆಯ ಅಂಗಳದಲ್ಲಿ ಬಂದು ನಿಂತರು. “ಜಡ್ಡಿಲ್ಲದ ಹುಡುಗರಿಗೆ ಔಷಧ ಯಾಕ್ರಿ ಗುರುಗಳ?” ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆದರೆ ವೈದ್ಯರಿಗೆ ಅಂದು ಇನ್ನೂ ಎರಡು ಶಾಲೆಗಳು ಬಾಕಿಯಿದ್ದವು. ಹೊರಗೆ ಜೀಪಿನ ಚಾಲಕ ಹಾರ್ನ್ ಬಾರಿಸುತ್ತಿದ್ದ. ನಾವು ಮೆಟ್ಟಿಲ ಮೇಲೆ ನಿಂತು ಹೇಳಿದೆವು: “ಇದನ್ನ ತಿಂದ್ರ ಹುಳ ಬೀಳ್ತಾವ, ತಲಿ ಚುರುಕಾಗ್ತದ, ಹುಡುಗರು ಪರೀಕ್ಷಾದಾಗ ಪಾಸಾಗ್ತಾರ.” ಮೂರು ಮಾತುಗಳಲ್ಲಿ ಮೊದಲನೆಯದು ನಮಗೆ ಗೊತ್ತಿದ್ದುದು. ಉಳಿದೆರಡನ್ನು ನಿಂತ ನಿಲುವಿನಲ್ಲೇ ಹುಟ್ಟಿಸಿದೆವು. ಒಂದು ತಾಸಿನಲ್ಲಿ ಗುಳಿಗೆಗಳೆಲ್ಲ ಖರ್ಚಾದವು. ವೈದ್ಯರು ನಮ್ಮ ಕೈ ಕುಲುಕಿ ಹೋದರು. ಆ ಸಂಜೆ ನಮಗೆ ನಮ್ಮ ಬಗ್ಗೆ ಸಾಕಷ್ಟು ಹೆಮ್ಮೆಯೇ ಇತ್ತೆಂಬುದನ್ನು ಮುಚ್ಚಿಡಲಾರೆವು.

ಆ ಗುಂಪಿನಲ್ಲಿದ್ದ ಒಬ್ಬ ಕೂಲಿಕಾರ ಹೆಣ್ಣುಮಗಳ ಮಗ ನಾಲ್ಕನೆಯ ಇಯತ್ತೆಯಲ್ಲಿದ್ದ. ಓದಿನಲ್ಲಿ ಹಿಂದೆ. ಗುಳಿಗೆಯ ಮರುದಿನ ಅವನಿಗೆ ಹುಳುಗಳು ಬಿದ್ದವು. ತಾಯಿ ಗಾಬರಿಯಾಗಿ ಬಂದಾಗ ನಾವು ಧೈರ್ಯ ಹೇಳಿ ಕಳಿಸಿದೆವು. ಪರೀಕ್ಷೆಯ ಫಲಿತಾಂಶ ಬಂದ ದಿನ ಆಕೆ ಮತ್ತೆ ಬಂದಳು. ಮಗ ನಪಾಸಾಗಿದ್ದ. ಆಕೆ ಸಿಟ್ಟಾಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಸೆರಗನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದಳು: “ಹುಳ ಬಿದ್ವು ಗುರುಗಳ, ಬುದ್ಧಿ ಬರ್ಲಿಲ್ಲ. ಹಂಗಾದ್ರ ನನ್ನ ಮಗನ ತಲೀನ ಸರಿ ಇಲ್ಲೇನ್ರಿ?”

ಔಷಧ ಎಲ್ಲರ ತಲೆಯನ್ನೂ ಚುರುಕು ಮಾಡುತ್ತದೆಂದು ನಾವು ಹೇಳಿದ್ದ ಮೇಲೆ, ಚುರುಕಾಗದ ತಲೆ ಕೆಟ್ಟದ್ದೇ ಇರಬೇಕಷ್ಟೆ. ಆಕೆಯ ತರ್ಕದಲ್ಲಿ ದೋಷವಿರಲಿಲ್ಲ. ಮರುವರ್ಷ ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿತ್ತು. ಹುಡುಗ ಯಾರದೋ ಆಡುಗಳ ಹಿಂದಿದ್ದ. ಅದಕ್ಕೆ ನಮ್ಮ ಮಾತೇ ಕಾರಣವೆನ್ನಲಾರೆವು. ಬಡತನಕ್ಕೆ ಬೇರೆ ಕಾರಣಗಳ ಕೊರತೆಯಿಲ್ಲ. ಆದರೂ ಆ ಮಾತು ಅವನಿಗೆ ನೆರವಾಗಲಿಲ್ಲವೆಂಬುದು ಖಂಡಿತ.

ಆ ಗುಳಿಗೆಯ ಹಿಂದಿನ ಕೈಗಳ ಕಥೆಯನ್ನು ನಿವೃತ್ತಿಯ ನಂತರ, ಮೊಮ್ಮಗನ ನೆರವಿನಿಂದ ಓದಿ ತಿಳಿದೆವು. ಶತ್ರು ಸಣ್ಣದೇನಲ್ಲ. ದುಂಡುಹುಳು, ಚಾಟಿಹುಳು, ಕೊಕ್ಕೆಹುಳುಗಳ ಬಾಧೆಗೆ ಸಿಕ್ಕವರು ಜಗತ್ತಿನಲ್ಲಿ ಸುಮಾರು 150 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನು ತೂರಿ ಒಳಹೊಕ್ಕು, ಕೊನೆಗೆ ಕರುಳನ್ನು ಸೇರಿ ರಕ್ತ ಹೀರುತ್ತದೆ. ಇದರ ವಿರುದ್ಧ ಸಂಘಟಿತವಾಗಿ ಹೊರಟ ಮೊದಲಿಗರಲ್ಲಿ ಅಮೆರಿಕದ ರಾಕ್‌ಫೆಲರ್ ಸಿರಿವಂತರೂ ಒಬ್ಬರು. 1909ರಲ್ಲಿ ಅವರು ಕೊಟ್ಟ ಹತ್ತು ಲಕ್ಷ ಡಾಲರಿನಿಂದ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಐದು ವರ್ಷ ಕೆಲಸ ನಡೆಯಿತು. 2001ರಲ್ಲಿ ವಿಶ್ವ ಆರೋಗ್ಯ ಸಭೆಯು ಬಾಧಿತ ನಾಡುಗಳ ಶಾಲಾ ವಯಸ್ಸಿನ ಮಕ್ಕಳಲ್ಲಿ ಕನಿಷ್ಠ 75 ಪ್ರತಿಶತ ಮಂದಿಗೆ ಔಷಧ ಮುಟ್ಟಬೇಕೆಂದು ಗೊತ್ತುಪಡಿಸಿತು. 2012ರ ಜನವರಿಯಲ್ಲಿ ಲಂಡನ್ನಿನಲ್ಲಿ ಔಷಧ ಕಂಪನಿಗಳು, ಗೇಟ್ಸ್ ಪ್ರತಿಷ್ಠಾನ, ವಿಶ್ವ ಬ್ಯಾಂಕು, ಹಲವು ಸರ್ಕಾರಗಳು ಒಂದೇ ವೇದಿಕೆಯ ಮೇಲೆ ಕೂಡಿ ಘೋಷಣೆ ಹೊರಡಿಸಿದವು. ಗ್ಲಾಕ್ಸೋ ಸ್ಮಿತ್‌ಕ್ಲೈನ್ ಕಂಪನಿ ಅಲ್ಬೆಂಡಜೋಲನ್ನು, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಮೆಬೆಂಡಜೋಲನ್ನು ದಾನವಾಗಿ ಕೊಡುತ್ತ ಬಂದಿವೆ. (ಅಲ್ಬೆಂಡಜೋಲ್ ಮೊದಲು ಬಂದುದು ಕುರಿ ದನಗಳಿಗಾಗಿ, ನಮ್ಮ ಊರ ಕುರುಬರಿಗೆ ಇದನ್ನು ಹೇಳಿದಾಗ ಅವರು ಬಹಳ ಸಂತೋಷಪಟ್ಟರು.) ನಮ್ಮ ದೇಶದಲ್ಲಿ ಈ ಕಾರ್ಯಕ್ರಮವು 2015ರ ಫೆಬ್ರವರಿ 10ರಂದು ಮೊದಲಾಯಿತು. ಅಂದಿನಿಂದ ಆರೋಗ್ಯ, ಶಿಕ್ಷಣ, ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಗಳು ಮೂರೂ ಸೇರಿ, 1ರಿಂದ 19 ವರ್ಷದವರಿಗೆ ಶಾಲೆ ಅಂಗನವಾಡಿಗಳಲ್ಲಿ 400 ಮಿಲಿಗ್ರಾಮಿನ ಗುಳಿಗೆ ಕೊಡುತ್ತಿವೆ. ಎರಡು ವರ್ಷದೊಳಗಿನ ಕೂಸಿಗೆ ಅರ್ಧ.

ಇಷ್ಟು ಜನರನ್ನು ಒಂದೇ ನೊಗಕ್ಕೆ ಹೂಡುವುದು ಸಾಮಾನ್ಯ ಕೆಲಸವಲ್ಲ. ಎರಡು ಶಾಲೆಗಳ ಶಿಕ್ಷಕರನ್ನು ಒಂದು ಕ್ರೀಡಾಕೂಟಕ್ಕೆ ಒಪ್ಪಿಸುವುದರಲ್ಲೇ ಸುಸ್ತಾದವರು ನಾವು. ದಾನಿಗೆ ಬೇಕಾದುದು ಹಂಚಿದ ಗುಳಿಗೆಯ ಲೆಕ್ಕ. ಸರ್ಕಾರಕ್ಕೆ ಬೇಕಾದುದು ಪ್ರತಿಶತ. ಅರ್ಥಶಾಸ್ತ್ರಜ್ಞರಿಗೆ ಹಾಜರಿಯ ಅಂಕಿಸಂಖ್ಯೆ. ಒಬ್ಬೊಬ್ಬರ ಕಾರಣ ಒಂದೊಂದು, ಎಲ್ಲವೂ ಗೌರವದ ಕಾರಣಗಳೇ. ಅವರನ್ನೆಲ್ಲ ಒಟ್ಟಿಗೆ ಹಿಡಿದಿಡಲು ಮುಂದಾಳಾದವನಿಗೆ ಒಂದು ದೊಡ್ಡ ಮಾತು ಬೇಕಾಗುತ್ತದೆ. ಶಾಲೆಯ ಮೆಟ್ಟಿಲ ಮೇಲೆ ನಮಗೆ ಬೇಕಾದುದೂ ಅದೇ ತಾನೆ?

ಆ ದೊಡ್ಡ ಮಾತಿಗೆ ಆಧಾರವಾದುದು ಕೀನ್ಯಾ ದೇಶದ ಬುಸಿಯಾ ಎಂಬ ಜಿಲ್ಲೆ. ಅಲ್ಲಿ 1998ರಿಂದ 75 ಶಾಲೆಗಳ ಸುಮಾರು 30,000 ಮಕ್ಕಳಿಗೆ ಸರದಿಯ ಪ್ರಕಾರ ಗುಳಿಗೆ ಕೊಟ್ಟು ಎಡ್ವರ್ಡ್ ಮಿಗೆಲ್, ಮೈಕೆಲ್ ಕ್ರೆಮರ್ ಎಂಬ ವಿದ್ವಾಂಸರು ಫಲವನ್ನು ಅಳೆದರು. 2004ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ ಮಕ್ಕಳ ಗೈರುಹಾಜರಿ ಕಾಲುಭಾಗ ಇಳಿಯಿತು. ಗುಳಿಗೆ ತಿನ್ನದ ನೆರೆಹೊರೆಯ ಮಕ್ಕಳಿಗೂ ಲಾಭವಾಯಿತು. ಪರೀಕ್ಷೆಯ ಅಂಕಗಳು ಮಾತ್ರ ಹೆಚ್ಚಿದ್ದು ಕಾಣಲಿಲ್ಲವೆಂದು ಅವರೇ ಬರೆದಿದ್ದರು. ಈ ಕೊನೆಯ ಮಾತನ್ನು ನಾವು ಮೊಮ್ಮಗನಿಂದ ಎರಡು ಸಲ ಓದಿಸಿದೆವು. 2015ರಲ್ಲಿ ಲಂಡನ್ನಿನ ಸಂಶೋಧಕರು ಅದೇ ಲೆಕ್ಕವನ್ನು ಮರಳಿ ಮಾಡಿ ತಪ್ಪುಗಳನ್ನು ತೋರಿಸಿದಾಗ ಪಂಡಿತರ ನಡುವೆ ದೊಡ್ಡ ಜಗಳವೇ ಎದ್ದಿತು. ಅದಕ್ಕೆ ಹುಳುಗಳ ಯುದ್ಧವೆಂದೇ ಹೆಸರಾಯಿತು. ಎಲ್ಲ ಮಕ್ಕಳಿಗೂ ಒಟ್ಟಿಗೆ ಔಷಧ ಕೊಟ್ಟಲ್ಲಿ ತೂಕ, ರಕ್ತ, ಬುದ್ಧಿಗಳಲ್ಲಿ ಸರಾಸರಿ ಲಾಭ ಅಷ್ಟಾಗಿ ಕಾಣದೆಂದು ಕಾಕ್ರೇನ್ ಪರಿಶೀಲಕರು ಹೇಳುತ್ತಾರೆ. ಇಪ್ಪತ್ತು ವರ್ಷಗಳ ಬಳಿಕ ಬುಸಿಯಾದ ಅದೇ ಮಕ್ಕಳನ್ನು ಹುಡುಕಿಹೋದವರು, ಹೆಚ್ಚು ವರ್ಷ ಗುಳಿಗೆ ತಿಂದವರ ತಾಸಿನ ಗಳಿಕೆ 13 ಪ್ರತಿಶತ ಹೆಚ್ಚಿದೆಯೆಂದು 2021ರಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಶಿಫಾರಸನ್ನು ಬಿಟ್ಟಿಲ್ಲ.

ನಾವು ಗಣಿತಜ್ಞರಲ್ಲ. ಗುಳಿಗೆ ಅಗ್ಗ, ಸುರಕ್ಷಿತ, ಹುಳುಗಳನ್ನು ಉದುರಿಸುತ್ತದೆ. ಹೊಟ್ಟೆ ತುಂಬ ಹುಳುವಿರುವ ಮಗುವಿಗೆ ಅದು ನಿಜವಾದ ಉಪಕಾರ. ಪ್ರತಿ ಮಗುವಿನ ಮಲ ಪರೀಕ್ಷಿಸುವುದಕ್ಕೆ ತಗಲುವ ಖರ್ಚು ಗುಳಿಗೆಯ ಖರ್ಚಿಗಿಂತ ಬಹಳ ಹೆಚ್ಚಾದ್ದರಿಂದ ಜಡ್ಡಿಲ್ಲದವರಿಗೂ ಕೊಡುತ್ತಾರೆ. ಇಷ್ಟನ್ನು ಯಾವ ತಾಯಿಗೂ ತಿಳಿಯುವ ಕನ್ನಡದಲ್ಲಿ ಹೇಳಬಹುದಿತ್ತು. ಜೀಪಿನ ಹಾರ್ನಿಗೆ ಅಂಜಿ ನಾವು ಹೇಳಲಿಲ್ಲ.

ಸಣ್ಣ ಮಾತನ್ನು ಸಣ್ಣದಾಗಿಯೇ ಹೇಳಿದರೆ ದಾನಿಗಳು ಕೊಡುವುದಿಲ್ಲ, ತಾಯಂದಿರು ಬರುವುದಿಲ್ಲ ಎಂಬ ಆಕ್ಷೇಪವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಬುಸಿಯಾದ ಕೆಲವು ಶಾಲೆಗಳಲ್ಲಿ ಗುಳಿಗೆಗೆ ಅಲ್ಪ ಶುಲ್ಕವಿಟ್ಟಾಗ, ಮುಕ್ಕಾಲು ಪಾಲಿದ್ದ ಮಕ್ಕಳ ಸಂಖ್ಯೆ ಐದರಲ್ಲೊಂದು ಪಾಲಿಗೂ ಕಡಿಮೆಯಾಯಿತಂತೆ. ಬಡವರ ಒಪ್ಪಿಗೆ ಅಷ್ಟು ನವುರಾದದ್ದು. ಆದರೆ ಅದೇ ಕಾರಣಕ್ಕೆ ಅದರೊಡನೆ ಆಟವಾಡಬಾರದೆಂದು ನಮಗೆ ತೋರುತ್ತದೆ. 2008ರಲ್ಲಿ ಟಾಂಜಾನಿಯಾದ ಮೊರೊಗೊರೊ ಎಂಬಲ್ಲಿ ಶಾಲೆಗಳಲ್ಲಿ ಹುಳುವಿನ ಔಷಧ ಕೊಟ್ಟ ದಿನ ಗಾಳಿಸುದ್ದಿ ಹಬ್ಬಿ ದೊಂಬಿಗಳಾದವು. ಪೋಷಕರಿಗೆ ಮುಂಚಿತವಾಗಿ ಸರಿಯಾದ ತಿಳಿವಳಿಕೆ ಮುಟ್ಟಿರಲಿಲ್ಲವೆಂಬುದು ಅನಂತರ ಅಧ್ಯಯನ ಮಾಡಿದವರು ಕಂಡ ಕಾರಣಗಳಲ್ಲೊಂದು. ಜನರ ಸಿಟ್ಟಿಗೆ ಸಿಕ್ಕವರು ಅಲ್ಲಿ ಎದುರಿಗಿದ್ದ ಶಾಲಾ ಮಾಸ್ತರರು. ಲಂಡನ್ನು, ಜಿನೀವಾಗಳು ಕೈಗೆ ಸಿಗುವಂತಿರಲಿಲ್ಲ.

ಇಲ್ಲಿಯೇ ನಮ್ಮ ಎರಡನೆಯ ಪ್ರಶ್ನೆಗೂ ಅರ್ಧ ಉತ್ತರವಿದೆಯೆಂದು ಭಾವಿಸುತ್ತೇವೆ. ಕೀರ್ತಿ ಮೇಲ್ಮುಖವಾಗಿ ಹರಿಯುತ್ತದೆ. ಪ್ರಶ್ನೆ ಮಾತ್ರ ಕೊನೆಯ ಕೈಯ ಬಳಿ ನಿಂತುಬಿಡುತ್ತದೆ. ಕೂಟಕ್ಕೆ ಮುಂದಾಳು ಎನಿಸಿಕೊಂಡವನು ಆ ಪ್ರಶ್ನೆ ತನ್ನವರೆಗೆ ಏರಿಬರುವ ದಾರಿಯನ್ನು ಮಾಡಿಡಬೇಕು. ತಾಯಂದಿರ ಹೆಸರಿಲ್ಲದ ಒಪ್ಪಂದಪತ್ರಕ್ಕೆ ಎಷ್ಟು ಸಹಿಗಳಿದ್ದರೇನು?

ಈಚೆಗೆ ನೆರೆಯೂರಿನ ಕನ್ನಡ ಶಾಲೆಯ ತರುಣ ಶಿಕ್ಷಕಿಯೊಬ್ಬಳು, ಗುಳಿಗೆಯ ದಿನದಂದು ತಾಯಂದಿರಿಗೆ ನಾಲ್ಕು ಮಾತು ಹೇಳಬೇಕೆಂದು ನಮ್ಮನ್ನು ಕರೆದಳು. ಹೋದೆವು. ಹುಳ ಬೀಳುತ್ತವೆ, ಮೈಗೆ ಒಳ್ಳೆಯದು, ಜ್ವರವಿದ್ದ ಹುಡುಗರಿಗೆ ಇಂದು ಬೇಡ, ಗುಳಿಗೆಯನ್ನು ಅಗಿದು ತಿನ್ನಬೇಕು, ಓದು ಬರುವುದು ಓದಿದರೇ, ಎಂದು ಹೇಳಿ ನಿಲ್ಲಿಸಿದೆವು. ಒಬ್ಬ ಅಜ್ಜಿ, “ಬಿದ್ದ ಹುಳ ಮತ್ತ ಬರಂಗಿಲ್ಲೇನ್ರಿ?” ಎಂದು ಕೇಳಿದಳು. ಬರುತ್ತವೆ, ಬಯಲಿಗೆ ಹೋಗುವುದು ನಿಲ್ಲುವವರೆಗೆ ಬರುತ್ತವೆ, ಆದ್ದರಿಂದಲೇ ಮೇಲಿಂದ ಮೇಲೆ ಗುಳಿಗೆ ಎಂದೆವು. ಆ ಊರಿನಲ್ಲಿ ಸರ್ಕಾರದ ನೆರವಿನಿಂದ ಮನೆಮನೆಗೆ ಸಂಡಾಸ ಕಟ್ಟಿದ್ದಾರೆ. ಬೇಸಿಗೆಯಲ್ಲಿ ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರುತ್ತದೆ. ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ಸಂಡಾಸಕ್ಕ ನೀರು ಯಾವಾಗ ಕೊಡ್ತಾರ್ರಿ?” ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆವು. ಶಿಕ್ಷಕಿಯು ಮೇಜಿನ ಮೇಲಿದ್ದ ಆ ದಿನದ ವರದಿಯ ನಮೂನೆಯನ್ನು ಎಳೆದುಕೊಂಡು, ಗುಳಿಗೆ ತಿಂದ ಮಕ್ಕಳ ಸಂಖ್ಯೆ ತುಂಬಿ, ಸಾಮಾನ್ಯವಾಗಿ ಖಾಲಿ ಬಿಡುವ ಷರಾ ಎಂಬ ಕಲಮಿನಲ್ಲಿ ಅಜ್ಜಿಯ ಪ್ರಶ್ನೆಯನ್ನು ಮರಾಠಿಯಲ್ಲಿ ಬರೆದು, ಕೆಳಗೆ ತನ್ನ ಸಹಿ ಮಾಡಿದಳು.