ವಕ್ತೃವಿಲ್ಲದ ಸಂದೇಶ

ಜೀವಕೋಶಗಳು ಸಂದೇಶ ಪಡೆಯುತ್ತವೆ ಎಂಬ ಜೀವವಿಜ್ಞಾನದ ಮಾತಿಗೆ, ಹೇಳುವವನೇ ಇಲ್ಲದೆ ಸಂದೇಶವೆಲ್ಲಿಯದು ಎಂಬ ಆಕ್ಷೇಪವನ್ನು ತತ್ತ್ವಶಾಸ್ತ್ರ ಎತ್ತಬಹುದು. ವೇದಕ್ಕೂ ಈಶ್ವರನೆಂಬ ವಕ್ತೃ ಬೇಕೆನ್ನುವ ನ್ಯಾಯದರ್ಶನದ ನೈಯಾಯಿಕರಿಗೆ ಇದು ಒಪ್ಪಿಗೆಯಾಗುತ್ತಿತ್ತು. ವೇದವನ್ನು ಅಪೌರುಷೇಯ, ಅಂದರೆ ಯಾರೂ ರಚಿಸದ ವಾಕ್ಕು ಎಂದು ಸಾಧಿಸಿದ ಪೂರ್ವಮೀಮಾಂಸಕರಿಗೆ ಇದು ತೊಡಕೇ ಅಲ್ಲ.

ವಕ್ತೃವಿಲ್ಲದೆಯೂ ಸಂದೇಶವಿರಬಲ್ಲದೆಂಬ ಈ ವಾದವನ್ನು ಒರೆಗೆ ಹಚ್ಚಲು ಮ್ಯಾಪ್ ಕೈನೇಸ್ ಎಂಬ ಕಿಣ್ವಕುಟುಂಬ ತಕ್ಕದ್ದು. ಎಟಿಪಿ ಅಣುವಿನ ಫಾಸ್ಫೇಟನ್ನು ಪ್ರೋಟೀನಿಗೆ ಸೇರಿಸಿ ಅದರ ವರ್ತನೆಯನ್ನು ಬದಲಿಸುವ ಕಿಣ್ವವೇ ಪ್ರೋಟೀನ್ ಕೈನೇಸ್. ಇಲ್ಲಿ ಮೂರು ಕೈನೇಸುಗಳು ಸಾಲಾಗಿ, ಹಿಂದಿನದು ಮುಂದಿನದನ್ನು ಚುರುಕುಗೊಳಿಸುತ್ತ, ಕೋಶದ ಹೊರಗಿನ ಸುದ್ದಿಯನ್ನು ಒಳಗೆ ದಾಟಿಸುತ್ತವೆ. ಹಾಗ್1 ಎಂಬ ಮ್ಯಾಪ್ ಕೈನೇಸ್ ಇಲ್ಲದ ಯೀಸ್ಟು ಉಪ್ಪು ಹೆಚ್ಚಿದಲ್ಲಿ ಬೆಳೆಯಲಾರದು. ಅದಕ್ಕೆ ಮನುಷ್ಯನ ಜೆಎನ್‌ಕೆ1 ಕೈನೇಸನ್ನು ಕೊಟ್ಟರೆ ಮತ್ತೆ ಬೆಳೆಯುತ್ತದೆಂದು 1994ರಲ್ಲಿ ತಿಳಿದುಬಂತು. ಇಷ್ಟು ದೂರದ ಜೀವಿಗಳಲ್ಲೂ ಸಂಕೇತದ ಅರ್ಥ ಮಾಸದಿರುವುದರಿಂದ, ಶಬ್ದಾರ್ಥಗಳ ಸಂಬಂಧ ನಿತ್ಯವೆಂದ ಮೀಮಾಂಸಾಸೂತ್ರಕಾರ ಜೈಮಿನಿ ಇಲ್ಲಿ ನೆನಪಾಗುವುದು ಸಹಜವಾದರೂ, ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು: ವಿಕಾಸದಲ್ಲಿ ಹುಟ್ಟಿ ಉಳಿದುಬಂದದ್ದು ಎಷ್ಟೇ ಹಳೆಯದಾಗಿದ್ದರೂ ನಿತ್ಯವಲ್ಲ.

ಮೀಮಾಂಸೆಯ ಒಳಜಗಳವೇ ಇದಕ್ಕಿಂತ ಹೆಚ್ಚು ಉಪಯುಕ್ತ. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳಿ, ಅನಂತರ ಆ ಅರ್ಥಗಳು ಕೂಡಿ ವಾಕ್ಯಾರ್ಥವಾಗುತ್ತದೆಂಬುದು ಕುಮಾರಿಲನ ಅಭಿಹಿತಾನ್ವಯವಾದ; ಇತರ ಪದಗಳೊಡನೆ ಕೂಡಿಕೊಂಡ ಅರ್ಥವನ್ನೇ ಪದ ಹೇಳುತ್ತದೆಂಬುದು ಪ್ರಭಾಕರನ ಅನ್ವಿತಾಭಿಧಾನವಾದ. ಪ್ರೋಲೀನಿನ ಹಿಂದೆಯೇ ಇರುವ ಸೆರೀನ್ ಇಲ್ಲವೆ ಥ್ರಿಯೋನೀನ್ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಸೇರಿಸುವುದು ಮ್ಯಾಪ್ ಕೈನೇಸಿನ ಸ್ವಂತ ಸಾಮರ್ಥ್ಯ. ಅಷ್ಟರ ಮಟ್ಟಿಗೆ ಕುಮಾರಿಲ ಗೆಲ್ಲುತ್ತಾನೆ. ಆದರೆ ಯೀಸ್ಟಿನ ಸ್ಟೆ11 ಕೈನೇಸ್ ಸಂಗಾತಿ ಕೋಶದ ಫೆರೊಮೋನಿಗೂ ಆಹಾರದ ಕೊರತೆಗೂ ಉಪ್ಪಿನ ಒತ್ತಡಕ್ಕೂ ಒಂದೇ ಆಗಿ ದುಡಿಯುತ್ತದೆ. ಫೆರೊಮೋನ್ ಬಂದಾಗ ಸ್ಟೆ5 ಎಂಬ ಆಧಾರಪ್ರೋಟೀನು ಅದನ್ನು ಅದರ ಮುಂದಿನ ಕೈನೇಸುಗಳೊಡನೆ ಹತ್ತಿರ ತಂದು ನಿಲ್ಲಿಸುವುದರಿಂದಲೇ ಅದರ ಕೆಲಸ ಕೂಡುವಿಕೆಯ ಸಿದ್ಧತೆಯಾಗಿ ಪರಿಣಮಿಸುತ್ತದೆ. ವಾಕ್ಯಾರ್ಥಕ್ಕೆ ಮೀಮಾಂಸಕರು ಕೇಳುವ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳಲ್ಲಿ ಈ ಮೂರನೆಯದು, ಅಂದರೆ ಹತ್ತಿರವಿರುವಿಕೆ, ಇಲ್ಲಿ ಅಕ್ಷರಶಃ ಕಾಣುತ್ತದೆ.

ಹಾಗೆಂದು ಪ್ರಭಾಕರನ ಪಕ್ಷವೂ ಪೂರ್ತಿ ಸಾಲದು. ಇಲಿಯ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದ ಬೆಳೆಸಿದ ಪಿಸಿ12 ಕೋಶಗಳಲ್ಲಿ ಇಜಿಎಫ್ ಎಂಬ ವೃದ್ಧಿಕಾರಕವು ಇಆರ್‌ಕೆ ಎಂಬ ಮ್ಯಾಪ್ ಕೈನೇಸನ್ನು ಅಲ್ಪಕಾಲ ಎಬ್ಬಿಸಿದರೆ ಕೋಶ ಇಬ್ಭಾಗವಾಗುತ್ತದೆ. ಎನ್‌ಜಿಎಫ್ ಅದೇ ಕೈನೇಸನ್ನು ತಾಸುಗಟ್ಟಲೆ ಎಚ್ಚರವಾಗಿಟ್ಟರೆ ಕೋಶ ವಿಭಜನೆ ಬಿಟ್ಟು ನರಕೋಶದಂತೆ ಉದ್ದನೆಯ ಎಳೆಗಳನ್ನು ಚಾಚುತ್ತದೆ. ಕೂಟದಲ್ಲಿರುವ ಕೈನೇಸುಗಳು ಅವೇ ಆಗಿದ್ದರೂ ಅವಧಿಯೇ ಅರ್ಥವನ್ನು ಬೇರೆ ಮಾಡುತ್ತದೆ. ಆ ಅವಧಿಯನ್ನು ನಿರ್ಧರಿಸುವುದರಲ್ಲಿ, ಇಆರ್‌ಕೆ ತನ್ನನ್ನು ಎಬ್ಬಿಸಿದ ಸಾಲಿನ ಮೇಲೆಯೇ ತಿರುಗಿ ಹಾಕುವ ಹಿಡಿತಕ್ಕೂ ಪಾಲಿದೆ.