ಆಳ್ವಿಕೆಗೆ ಯೋಗ್ಯರಾರು?

ಆಳುವ ಅಧಿಕಾರವು ಯಾರಿಗೆ ಸಲ್ಲತಕ್ಕದ್ದು? ಉಚ್ಚಕುಲದಲ್ಲಿ ಜನಿಸಿದವರಿಗೋ, ಸಿರಿವಂತರಿಗೋ, ಗುಣವಂತರಿಗೋ? ಗುಣವಂತರಿಗೆ ಎಂದು ಎಲ್ಲರೂ ತಟ್ಟನೆ ಉತ್ತರವೀಯುವರು. ಆದರೆ ಆ ಗುಣವನ್ನು ಅಳೆಯುವವರು ಯಾರು, ಅದನ್ನು ಸಂಪಾದಿಸುವ ಅವಕಾಶವು ಯಾರಿಗೆ ಒದಗಿತ್ತು ಎಂದು ಕೇಳಿದೊಡನೆ ಪ್ರಶ್ನೆಯು ಜಟಿಲವಾಗುತ್ತದೆ. ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ನಾವೆಲ್ಲರೂ ಇದನ್ನು ಕೊಂಚ ವಿಚಾರಿಸಬೇಕಾಗಿದೆ.

ಪುನರುಜ್ಜೀವನ ಕಾಲದ ಇಟಲಿಯಲ್ಲಿ ಮಾನವತಾವಾದಿಗಳೆಂಬ ವಿದ್ವಾಂಸರು ಈ ಪ್ರಶ್ನೆಯನ್ನು ಬಲವಾಗಿ ಎತ್ತಿದರು. ನಿಜವಾದ ಕುಲೀನತೆಯು ರಕ್ತದಿಂದ ಬರತಕ್ಕದ್ದಲ್ಲ, ಸದ್ಗುಣದಿಂದ ಬರತಕ್ಕದ್ದು ಎಂಬುದು ಅವರಲ್ಲಿ ಅನೇಕರ ವಾದ. ಪೊಜ್ಜೊ ಬ್ರಾಚೊಲೀನಿಯು ಸುಮಾರು 1440ರಲ್ಲಿ ಈ ವಿಷಯವಾಗಿಯೇ ಒಂದು ಸಂವಾದವನ್ನು ರಚಿಸಿದನು. ಸದ್ಗುಣವು ಹುಟ್ಟಿನಿಂದ ಬಾರದಿದ್ದರೆ ಅದನ್ನು ಕಲಿಸಬಹುದಷ್ಟೆ? ಆದುದರಿಂದಲೇ ಅವರ ದೃಷ್ಟಿ ಪಾಠಶಾಲೆಯ ಕಡೆಗೆ ಹರಿಯಿತು. ವಿತ್ತೊರೀನೊ ದ ಫೆಲ್ತ್ರೆ ಎಂಬ ಉಪಾಧ್ಯಾಯನು 1423ರಿಂದ ಮಾಂತುವಾ ನಗರದಲ್ಲಿ ನಡೆಸಿದ ಶಾಲೆಯಲ್ಲಿ ದೊರೆಯ ಮಕ್ಕಳೊಡನೆ ಬಡವರ ಮಕ್ಕಳೂ ಶುಲ್ಕವಿಲ್ಲದೆ ಓದುತ್ತಿದ್ದರು.

ಅದೇ ಕಾಲದಲ್ಲಿ ಫ್ಲಾರೆನ್ಸ್ ಗಣರಾಜ್ಯದಲ್ಲಿ ಅಧಿಕಾರಿಗಳನ್ನು ಆರಿಸುವ ಕ್ರಮವು ವಿಚಿತ್ರವಾಗಿದ್ದಿತು. ಅರ್ಹರೆನಿಸಿದವರ ಹೆಸರುಗಳನ್ನು ಚೀಲಗಳಲ್ಲಿ ಹಾಕಿ ಚೀಟಿಯೆತ್ತುತ್ತಿದ್ದರು. ತೆರಿಗೆಯ ಬಾಕಿ ಉಳಿಸಿಕೊಂಡವನ ಹೆಸರು ಬಂದರೆ ಅವನಿಗೆ ಅಧಿಕಾರವಿಲ್ಲ. ಇದನ್ನು ಓದುವಾಗ ನಮಗೆ ಉತ್ತರಮೇರೂರು ನೆನಪಾಗದಿರದು. ನಾವು ಬಾಳುತ್ತಿರುವ ಈ ತಮಿಳುನಾಡಿನಲ್ಲಿಯೇ, ಕಾಂಚೀಪುರದ ಸಮೀಪದ ಆ ಊರಿನಲ್ಲಿ, ಒಂದನೆಯ ಪರಾಂತಕ ಚೋಳನ ಕಾಲದ, ಸುಮಾರು 919 ಮತ್ತು 921ರ ಶಾಸನಗಳಿವೆ. ಗ್ರಾಮಸಭೆಯ ಸಮಿತಿಗೆ ಸೇರಬೇಕಾದವನು 35 ವರ್ಷಕ್ಕೆ ಮೇಲ್ಪಟ್ಟು 70ಕ್ಕೆ ಒಳಪಟ್ಟವನಾಗಿರಬೇಕು; ಕಾಲು ವೇಲಿ ಭೂಮಿಯುಳ್ಳವನಾಗಿರಬೇಕು. ವಿದ್ಯೆಯಲ್ಲಿ ಮಿಗಿಲಾದವನಿಗೆ ಅದರ ಅರ್ಧದಷ್ಟು ಭೂಮಿಯಿದ್ದರೂ ಸಾಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕವೊಪ್ಪಿಸದವನೂ ಅವನ ಬಂಧುಗಳೂ ಅನರ್ಹರು. ಹೀಗೆ ಅರ್ಹರಾದವರ ಹೆಸರನ್ನು ಓಲೆಯಲ್ಲಿ ಬರೆದು ಕೊಡದಲ್ಲಿ ಹಾಕಿ, ಏನೂ ಅರಿಯದ ಬಾಲಕನ ಕೈಯಿಂದ ಎತ್ತಿಸುತ್ತಿದ್ದರು.

ಎರಡು ಏರ್ಪಾಡುಗಳೂ ಪ್ರಶಂಸನೀಯವೇ. ಗುಣವನ್ನು ಕೇವಲ ಹೊಗಳದೆ, ಲೆಕ್ಕ ಕೇಳಿ ಪರೀಕ್ಷಿಸಿದುದು ಅವುಗಳ ಹಿರಿಮೆ. ಆದರೆ ಚೀಲದೊಳಗೆ, ಕೊಡದೊಳಗೆ ಯಾರ ಹೆಸರು ಬೀಳುತ್ತಿತ್ತು? ಉತ್ತರಮೇರೂರಿನದು ಬ್ರಹ್ಮದೇಯ ಗ್ರಾಮದ ಸಭೆ. ಉಳುವವನ ಹೆಸರು ಆ ಕೊಡವನ್ನು ಮುಟ್ಟಲಿಲ್ಲ. ಫ್ಲಾರೆನ್ಸಿನಲ್ಲಿ ಉಣ್ಣೆಯ ಕೂಲಿಗಾರನೂ ಹೊರಗೇ ಉಳಿದನು. ಸ್ತ್ರೀಯರ ಮಾತು ಎರಡೂ ಕಡೆ ಏಳಲಿಲ್ಲ. 1434ರ ಬಳಿಕ ಮೆದಿಚಿ ಮನೆತನದವರು ಚೀಲ ತುಂಬುವವರನ್ನೇ ತಮ್ಮ ವಶಮಾಡಿಕೊಂಡರು. ಚೀಟಿಯೆತ್ತುವ ಕೈ ಎಷ್ಟು ಶುದ್ಧವಾಗಿದ್ದರೇನು?

ಕನ್ನಡನಾಡಿನಲ್ಲಿಯೂ ಈ ಪ್ರಶ್ನೆಯೇ ಬೇರೆ ವೇಷದಲ್ಲಿ ಬಂದಿತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಸರ್ಕಾರದ ಹುದ್ದೆಗಳಿಗೆ ಯೋಗ್ಯತೆಯೇ ಅಳತೆಗೋಲಾಗಬೇಕೆಂದು ದೃಢವಾಗಿ ನಂಬಿದ್ದರು. ಅವರ ಪ್ರಾಮಾಣಿಕತೆಯು ನಿರ್ವಿವಾದವಾದುದು. ಆದರೆ ಪರೀಕ್ಷೆಯ ಬಾಗಿಲವರೆಗೆ ಬರುವ ದಾರಿಯೇ ಬಹುಜನರಿಗೆ ತೆರೆದಿಲ್ಲವೆಂದು ಹಿಂದುಳಿದ ಸಮುದಾಯಗಳ ಮುಖಂಡರು ಅರಿಕೆ ಮಾಡಿಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಈ ವಿಷಯದ ಭಿನ್ನಾಭಿಪ್ರಾಯವು ದಿವಾನರು ಪದತ್ಯಾಗಮಾಡಿದುದಕ್ಕೆ ಒಂದು ಕಾರಣವಾಯಿತು. 1919ರ ವರದಿಯು, ಏಳು ವರ್ಷಗಳೊಳಗಾಗಿ ಮೇಲಿನ ಹುದ್ದೆಗಳಲ್ಲಿ ಅರ್ಧವೂ ಕೆಳಗಿನವುಗಳಲ್ಲಿ ಮೂರನೆಯ ಎರಡು ಪಾಲೂ ಆ ಸಮುದಾಯಗಳಿಗೆ ದೊರೆಯಬೇಕೆಂದು ಸಲಹೆಯಿತ್ತಿತು.

ಇಲ್ಲಿ ಒಂದು ಪಕ್ಷವನ್ನು ಗುಣದ್ವೇಷಿಯೆಂದೂ ಇನ್ನೊಂದನ್ನು ಜನದ್ವೇಷಿಯೆಂದೂ ಕರೆಯುವುದು ಅನ್ಯಾಯ. ದಿವಾನರು ಯೋಗ್ಯತೆಯನ್ನು ಕಾಯಲು ಬಯಸಿದರು. ಸಮಿತಿಯು ಅದು ಯಾವ ನೆಲದಲ್ಲಿ ಬೆಳೆಯುತ್ತದೆಂಬುದನ್ನು ನೋಡಿತು. ನಮ್ಮ ಅಭಿಪ್ರಾಯದಲ್ಲಿ ಎರಡನೆಯ ದೃಷ್ಟಿಯಿಲ್ಲದೆ ಮೊದಲನೆಯದು ಪೂರ್ಣವಾಗದು. ನೀರು ಹಾಯಿಸದ ಗದ್ದೆಯ ಪೈರು ಒಣಗಿದರೆ ಬೀಜವನ್ನು ಹಳಿಯುವ ಬೇಸಾಯಗಾರನುಂಟೇ? ಅಂತೆಯೇ ನೀರು ಹಾಯಿಸಿದ ಮೇಲೂ ಬೀಜವನ್ನು ಪರೀಕ್ಷಿಸುವುದು ತಪ್ಪಲ್ಲ. ಯಾವ ಸಮುದಾಯದಿಂದ ಬಂದವನಾದರೂ ಲೆಕ್ಕವೊಪ್ಪಿಸಲೇಬೇಕು.

ಸಹ್ಯಾದ್ರಿಯ ಬುಡದ ಈ ತೇವಾರಂ ಸೀಮೆಯಲ್ಲಿ ಕನ್ನಡವನ್ನು ಮನೆಮಾತಾಗಿ ಕಾಪಾಡಿಕೊಂಡು ಬಂದ ಒಕ್ಕಲು ಮಕ್ಕಳಿಗೆ ಈ ಮಾತು ದೂರದ್ದಲ್ಲ. ಉಪಾಧ್ಯಾಯರೇ, ಮುಂದೆ ಯಾರ ಹೆಸರು ಕೊಡದೊಳಗೆ ಬೀಳುವುದೆಂಬುದು ಬಹುಮಟ್ಟಿಗೆ ನಿಮ್ಮ ತರಗತಿಯ ಹಿಂದಿನ ಸಾಲಿನಲ್ಲಿ ನಿರ್ಣಯವಾಗುತ್ತದೆ. ವಿದ್ಯಾರ್ಥಿಗಳೇ, ಅಂಕಗಳು ನಿಮ್ಮನ್ನು ಹುದ್ದೆಯವರೆಗೆ ಒಯ್ಯಬಹುದು. ಅಲ್ಲಿ ಕುಳಿತ ಮೇಲೆ ಪರರ ಹಣಕ್ಕೆ ಲೆಕ್ಕವೊಪ್ಪಿಸುವ ಶೀಲವನ್ನು ಈಗಿನಿಂದಲೇ ರೂಢಿಸಿಕೊಳ್ಳಬೇಕು.