ಬ್ಯಾಡಗಿ ಪೇಟೆಯಲ್ಲಿ ಆಟದ ಸಿದ್ಧಾಂತ

ಒಬ್ಬನ ಲಾಭನಷ್ಟ ಎದುರಿನವನ ನಡೆಯನ್ನೂ ಅವಲಂಬಿಸಿರುವ ಸಂದರ್ಭಗಳ ಅಧ್ಯಯನವೇ ಆಟದ ಸಿದ್ಧಾಂತ, ಅಂದರೆ ಗೇಮ್ ಥಿಯರಿ. ಜಾನ್ ಫಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರಲ್ಲಿ ಇದಕ್ಕೆ ಗ್ರಂಥರೂಪ ಕೊಟ್ಟರು.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಇಂಥ ಆಟಗಳಿಗೆ ಬರವಿಲ್ಲ. ಚೆನ್ನಾಗಿ ಒಣಗಿಸಿದ ಕಾಯಿ ತೂಕಕ್ಕೆ ಬರುವುದಿಲ್ಲ, ಹಸಿಯಿದ್ದರೆ ತೂಗುತ್ತದೆ. ರಾಶಿಯ ಒಡಲನ್ನೆಲ್ಲ ಕೆದಕಿ ನೋಡಲು ಪುರುಸೊತ್ತಿಲ್ಲದ ಖರೀದಿದಾರ ಅನುಮಾನದಿಂದಲೇ ದರ ಇಳಿಸುತ್ತಾನೆ. ದರ ಹೇಗೂ ಇಳಿಯುವುದಾದರೆ ರೈತ ಒಣಗಿಸುವ ಕಷ್ಟ ಏಕೆ ಪಡಬೇಕು? ಇಬ್ಬರೂ ಜಾಣರೇ, ಇಬ್ಬರಿಗೂ ನಷ್ಟ. 1950ರಲ್ಲಿ ಮೆರಿಲ್ ಫ್ಲಡ್, ಮೆಲ್ವಿನ್ ಡ್ರೆಶರ್ ರೂಪಿಸಿ, ಆಲ್ಬರ್ಟ್ ಟಕರ್ 'ಕೈದಿಗಳ ಇಕ್ಕಟ್ಟು' ಎಂದು ಹೆಸರಿಟ್ಟ ಸಮಸ್ಯೆಯ ತಿರುಳು ಇದು.

ಒಂದೇ ಸಲ ಆಡಿ ಮುಗಿಸುವ ಆಟದಲ್ಲಿ ಮೋಸವೇ ಲಾಭ. ಮತ್ತೆ ಮತ್ತೆ ಆಡಬೇಕಾದಾಗ ಲೆಕ್ಕ ಬದಲಾಗುತ್ತದೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ಏರ್ಪಡಿಸಿದ ಎರಡು ಕಂಪ್ಯೂಟರ್ ಪಂದ್ಯಾವಳಿಗಳಲ್ಲೂ ಗೆದ್ದದ್ದು ಅನಾತೊಲ್ ರಾಪೊಪೋರ್ಟ್ ಕಳಿಸಿದ ಅತಿ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಮುಯ್ಯಿಗೆ ಮುಯ್ಯಿ. ಬ್ಯಾಡಗಿಯಲ್ಲಿ ಆಟವನ್ನು ಮರುಕಳಿಸುವವನು ದಲಾಲ. ರೈತ ಹಂಗಾಮಿಗೆ ಒಂದೆರಡು ಸಲ ಬಂದಾನು. ದಲಾಲನಿಗೆ ವಾರವಾರವೂ ಅದೇ ಖರೀದಿದಾರರ ಮುಖ. ಹಸಿ ಕಾಯಿ ಮಾರಿಸಿದ ಅಂಗಡಿಯ ಹೆಸರು ಕೆಡಲು ಬಹಳ ದಿನ ಬೇಡ.

ಹಾಗೆಂದು ಸಹಕಾರವೆಲ್ಲ ಒಳ್ಳೆಯದಲ್ಲ. ಖರೀದಿದಾರರು ಒಳಗೊಳಗೇ ಮಾತಾಡಿಕೊಂಡು ದರ ಏರಿಸದಿದ್ದರೆ ಅದೂ ಸಹಕಾರವೇ, ಪೆಟ್ಟು ಮಾತ್ರ ರೈತನಿಗೆ. ಕೂಗು ಹರಾಜಿನಲ್ಲಿ ಮಾತು ಮುರಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಉಳಿದವರು ದರ ಏರಿಸಿ ಅವನಿಗೆ ಬುದ್ಧಿ ಕಲಿಸಬಹುದು. ಗುಪ್ತ ಟೆಂಡರಿನಲ್ಲಿ ಅದು ಗೊತ್ತಾಗುವಷ್ಟರಲ್ಲಿ ಮಾಲು ಕೈತಪ್ಪಿರುತ್ತದೆ. ಟೆಂಡರ್ ಪದ್ಧತಿ, ಈಗಿನ ಇ-ಟೆಂಡರ್ ರೈತನಿಗೆ ನೆರವಾಗುವುದು ಹೀಗೆ. ಸ್ಪರ್ಧಿಗಳು ಹೆಚ್ಚಿದಷ್ಟೂ ಅವರು ಬರೆಯುವ ದರ ಮಾಲಿನ ನಿಜಬೆಲೆಗೆ ಸಮೀಪಿಸುತ್ತದೆಂಬುದು ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದ ಮಾತು.

ರೈತರೊಳಗಿನ ಆಟವೇ ಎಲ್ಲಕ್ಕಿಂತ ಕಠಿಣ. ದರ ಚೆನ್ನಾಗಿದೆಯೆಂದು ಎಲ್ಲರೂ ಒಂದೇ ದಿನ ಚೀಲ ತಂದರೆ ದರ ಬೀಳುತ್ತದೆ. ಒಬ್ಬರನ್ನೊಬ್ಬರು ಅರಿಯದ ಸಾವಿರಾರು ಜನರಲ್ಲಿ ಮುಯ್ಯಿಯನ್ನು ಯಾರು ಯಾರಿಗೆ ತೀರಿಸಬೇಕು? 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ಸಿಟ್ಟು ಎಪಿಎಂಸಿ ಕಚೇರಿಗೆ ನುಗ್ಗಿತು, ವಾಹನಗಳು ಸುಟ್ಟವು. ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುವ ದಾರಿ ಇದೆ. ಆದರೆ ಸಾಲದ ಕಂತು ತಲೆಯ ಮೇಲಿರುವ ರೈತನಿಗೆ ಆ ದಾರಿ ಇಲ್ಲ.